ಬರೆಯದೆ ಬಿಟ್ಟ ಮೂರು ಕಿಲೋಮೀಟರು

ನಮ್ಮ ಹೊಸ ಕಾರಿನ ಎಡಬಾಗಿಲ ಮೇಲಿನ ಗೀರು ನನ್ನ ಹೆಂಡತಿ ವತ್ಸಲಾ ಮಾಡಿದ್ದಲ್ಲ. ನಾನು ಮಾಡಿದ್ದು.

ಈ ಎರಡು ವಾಕ್ಯ ಬರೆದು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಕೂತಿದ್ದೆ. ಓದುವವರಿಗೆ ನಗು ಬರಬಹುದು — ಕಾರಿಗೆ ಬಿದ್ದ ಒಂದು ಗೀರು, ಅದೂ ಹದಿನೈದು ವರ್ಷಕ್ಕೂ ಹಿಂದಿನದು. ಆ ಕಾರು ಕೂಡ ಈಗ ನಮ್ಮಲ್ಲಿಲ್ಲ. ಇದಕ್ಕೆಲ್ಲ ಒಂದು ತಪ್ಪೊಪ್ಪಿಗೆಯೇ? ನಾನೂ ಇಷ್ಟು ವರ್ಷ ನನಗೆ ಹೀಗೇ ಹೇಳಿಕೊಂಡು ಬಂದೆ. ಗೀರು ದೊಡ್ಡದಲ್ಲ, ನಿಜ. ಆದರೆ ಆ ಗೀರಿನ ಜೊತೆಗೆ ನಾನು ಹೇಳಿದ ಒಂದು ಮಾತಿದೆ — ಅದರ ಅಳತೆ ನನಗೆ ಇನ್ನೂ ಸಿಕ್ಕಿಲ್ಲ.

ಇಲ್ಲಿ ಕೋಲ್ಕತಾದ ನಮ್ಮ ಕನ್ನಡ ಸಂಘದ ಹಳಬರಿಗೆ ಆ ಗೀರು ಗೊತ್ತು. ಆ ವರ್ಷದ ಸಂಚಿಕೆಯಲ್ಲಿ ‘ಹೊಸ ಕಾರಿನ ಮೊದಲ ಸಾವಿರ ಕಿಲೋಮೀಟರು’ ಎಂಬ ಹಾಸ್ಯಲೇಖನ ಬರೆದವನು ನಾನು. ಕಳೆದ ತಿಂಗಳು ಶೇಷಗಿರಿರಾಯರು ಫೋನ್ ಮಾಡಿದ್ದರು. ರೈಲ್ವೆಯಲ್ಲಿದ್ದು ನಿವೃತ್ತರಾದ ಅವರೇ ಆಗಲೂ ಸಂಪಾದಕರು, ಈಗಲೂ ಅವರೇ. ಹಳೆಯ ಸಂಚಿಕೆಗಳಿಂದ ಆರಿಸಿ ಒಂದು ಪುಸ್ತಕ ತರುತ್ತಾರಂತೆ. “ನಿಮ್ಮ ಆ ಕಾರಿನ ಲೇಖನ ಇರಲೇಬೇಕು ಸ್ವಾಮಿ. ಸರಳರೇಖೆ ಜೋಕು ನಮ್ಮ ಮನೇಲಿ ಇವತ್ತಿಗೂ ನಡೀತಿದೆ” ಅಂದರು. ಬೇಡ ಎನ್ನಲು ಕಾರಣ ಕೊಡಬೇಕಾಗಿತ್ತು. ಕಾರಣ ಇದು.

ನೆನಪಿನ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವನು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಹಳೆಯ ದಾಖಲೆಗಳನ್ನು ಪಟ್ಟಿ ಮಾಡುತ್ತ ಮೂವತ್ತು ವರ್ಷ ಕಳೆದವನು. ಒಂದು ಕಾಗದವನ್ನು ಘಟನೆ ನಡೆದ ದಿನವೇ ಬರೆದರೋ, ಆಮೇಲೆ ಅನುಕೂಲಕ್ಕೆ ತಕ್ಕಂತೆ ಬರೆದರೋ ಎಂದು ಪತ್ತೆ ಮಾಡುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಅದಕ್ಕೇ ದಿನಚರಿ ಬರೆಯುತ್ತೇನೆ — ಅಂದಂದಿನದನ್ನು ಅಂದಂದೇ. ಹಾಗಂತ ಎಲ್ಲರ ಹತ್ತಿರವೂ ಹೇಳಿಕೊಳ್ಳುತ್ತಿದ್ದೆ.

ಆ ವರ್ಷ ನಾವು ಬೆಹಾಲಾದ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು, ಎರಡನೆಯ ಮಹಡಿ. ಮಗಳು ಅನುವಿಗೆ ಎಂಟು ವರ್ಷ. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಲ್ಲಿಯ ಒಂದು ಕಂಪನಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಪಾಠ ಮಾಡುವವರು ಬೇಕಾಗಿದ್ದರು. ವತ್ಸಲಾ ಧಾರವಾಡದವಳು, ಗಣಿತದಲ್ಲಿ ಎಂ.ಎಸ್ಸಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮನೆಪಾಠ ಬಿಟ್ಟರೆ ಬೇರೇನೂ ಇರಲಿಲ್ಲ. ಅರ್ಜಿ ಹಾಕಿದಳು, ಹಲಗೆಯ ಮುಂದೆ ನಿಲ್ಲಿಸಿ ಅರ್ಧ ಗಂಟೆ ಪಾಠ ಮಾಡಿಸಿದರು, ಆರಿಸಿದರು. ದುರ್ಗಾಪೂಜೆಯ ರಜೆ ಮುಗಿದ ಮೇಲೆ ಸೇರಬೇಕು. ಬೆಳಿಗ್ಗೆ ಏಳೂವರೆಗೆ ತರಗತಿ. ಕಂಪನಿಯ ಗಾಡಿ ಬೆಹಾಲಾ ಕಡೆಗೆ ಬರುವುದಿಲ್ಲ. ಎರಡು ಬಸ್ಸು ಬದಲಿಸಿ ಹೋದರೆ ಎಂಟೂವರೆಯಾಗುತ್ತದೆ.

ಕಾರು ಕೊಂಡದ್ದು ಅದಕ್ಕಾಗಿ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ನನ್ನ ಲೇಖನದಲ್ಲಿ ನಾನು ಬೇರೆ ರೀತಿ ಬರೆದಿದ್ದೇನೆ — ‘ಕೊನೆಗೂ ನನ್ನ ಬಾಲ್ಯದ ಆಸೆ ಈಡೇರಿತು’ ಎಂದು. ಅದು ನನ್ನ ಆಸೆಯ ಕಾರಲ್ಲ. ಅವಳ ಏಳೂವರೆಯ ತರಗತಿಯ ಕಾರು.

ಬೂದುಬಣ್ಣದ ಚಿಕ್ಕ ಕಾರು. ಕಡಿಮೆ ಬೆಲೆಯ ಮಾದರಿಯಾದ್ದರಿಂದ ಬಲಗಡೆ ಮಾತ್ರ ಕನ್ನಡಿ, ಎಡಗಡೆ ಇರಲಿಲ್ಲ. ಎಸಿ ಹಾಕಿದರೆ ಏರಿನಲ್ಲಿ ಉಸಿರು ಕಟ್ಟುತ್ತಿತ್ತು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಒಂದು ತಿಂಗಳು ತೆಗೆಯಲು ಬಿಡಲಿಲ್ಲ ನಾನು. ಕೋಲ್ಕತಾದ ಸೆಕೆಯಲ್ಲಿ ಕೂತವರು ಏಳುವಾಗ ಅಂಗಿ ಬೆನ್ನಿಗೆ ಅಂಟಿ ಬರುತ್ತಿತ್ತು. ಆ ಹೊಸ ವಾಸನೆ ಮಾತ್ರ — ಅದನ್ನು ಲೇಖನದಲ್ಲಿ ಒಂದು ಇಡೀ ಪ್ಯಾರಾ ಹೊಗಳಿದ್ದೇನೆ. ಅದೊಂದು ಸುಳ್ಳಲ್ಲ.

ಇಬ್ಬರೂ ಬಡಾವಣೆಯ ಡ್ರೈವಿಂಗ್ ಶಾಲೆಗೆ ಸೇರಿದ್ದೆವು. ನನ್ನ ಹತ್ತಿರ ಮೈಸೂರಿನ ಹಳೆಯ ಲೈಸೆನ್ಸ್ ಇತ್ತು, ಓಡಿಸಿದ್ದು ಸ್ಕೂಟರ್ ಮಾತ್ರ. ಅವಳಿಗೆ ಸೈಕಲ್ ಬಿಟ್ಟರೆ ಏನೂ ಬಾರದು. ಎರಡು ವಾರದಲ್ಲಿ ಅವಳು ನನ್ನನ್ನು ದಾಟಿ ಹೋದಳು. ಕಲಿಸುತ್ತಿದ್ದ ಮೊಂಡಲ್‌ದಾ ಬಾಯಿತುಂಬ ಪಾನ್ ಇಟ್ಟುಕೊಂಡು ತನ್ನ ಬಂಗಾಳಿ ಹಿಂದಿಯಲ್ಲಿ ಅಂದ: “ದಾದಾ, ಆಪ್ ಸೋಚ್ತೇ ಹೈಂ. ಬೌದಿ ದೇಖ್ತೀ ಹೈಂ.” ನಾನು ಯೋಚಿಸುತ್ತೇನಂತೆ, ಅತ್ತಿಗೆಯವರು ನೋಡುತ್ತಾರಂತೆ. ವತ್ಸಲಾ ಹಿಂದಿನ ಸೀಟಿನಲ್ಲಿ ಮುಖ ಕಿಟಕಿಯ ಕಡೆ ತಿರುಗಿಸಿ ನಗು ನುಂಗಿದಳು. ನಾನೂ ನಕ್ಕೆ. ಆ ರಾತ್ರಿ ಡೈರಿಯಲ್ಲಿ ಆ ಮಾತನ್ನು ಬರೆಯಲಿಲ್ಲ. ಬರೆಯದೆ ಬಿಡುವುದೂ ಒಂದು ಬಗೆಯ ಬರವಣಿಗೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಆಮೇಲೆ ದಕ್ಷಿಣೇಶ್ವರ. ಹೊಸ ಗಾಡಿಗೆ ಅಲ್ಲಿ ಪೂಜೆ ಮಾಡಿಸುವುದು ಇಲ್ಲಿಯ ರೂಢಿ. ಭಾನುವಾರ ಬೆಳಿಗ್ಗೆ ನಾನೇ ಓಡಿಸುತ್ತೇನೆಂದು ಕೂತೆ. ಟಾಲಾ ಸೇತುವೆಯ ಏರಿನಲ್ಲಿ ಎಂಜಿನ್ ನಿಂತಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ನಿಂತಿತು. ಮೂರನೆಯ ಸಲ ಕಾರು ಹಿಂದಕ್ಕೆ ಜಾರತೊಡಗಿತು. ಹಿಂದಿನ ಬಸ್ಸಿನ ಕಂಡಕ್ಟರ್ ಬಸ್ಸಿನ ತಗಡನ್ನು ದಬದಬ ಬಡಿಯುತ್ತಿದ್ದ. “ಹ್ಯಾಂಡ್ ಬ್ರೇಕ್ ಹಾಕ್ರಿ ಮೊದಲ. ಹಾಕ್ರಿ. ಈಗ ಇಳೀರಿ,” ಅಂದಳು ವತ್ಸಲಾ, ಅನುವಿಗೆ ಲೆಕ್ಕ ಹೇಳಿಕೊಡುವಾಗಿನ ಅದೇ ದನಿಯಲ್ಲಿ. ಇಳಿದೆ. ಬಸ್ಸಿನ ಕಿಟಕಿಗಳಿಂದ ಅಷ್ಟೂ ತಲೆಗಳು ನನ್ನನ್ನೇ ನೋಡುತ್ತಿದ್ದವು — ಅಥವಾ ನೋಡುತ್ತಿರಲಿಲ್ಲವೇನೋ, ನನಗೆ ಹಾಗೆ ನೆನಪಿದೆ. ಅವಳು ಸೀಟು ಮುಂದಕ್ಕೆ ಎಳೆದುಕೊಂಡು ಒಂದೇ ಸಲಕ್ಕೆ ಏರು ಹತ್ತಿಸಿದಳು.

ಪೂಜಾರಿ ಬಾನೆಟ್ಟಿನ ಮೇಲೆ ಸಿಂಧೂರದಲ್ಲಿ ಸ್ವಸ್ತಿಕ ಬರೆದು, ಕೆಂಪು ದಾಸವಾಳದ ಹಾರ ಹಾಕಿದ. ಚಕ್ರದ ಕೆಳಗೆ ಇಡಲು ವತ್ಸಲಾ ಚೀಲದಿಂದ ನಾಲ್ಕು ನಿಂಬೆಹಣ್ಣು ತೆಗೆದಾಗ ಅವನಿಗೆ ಆಶ್ಚರ್ಯ. ಸ್ಟೀರಿಂಗಿಗೆ ಕೆಂಪು ದಾರ ಕಟ್ಟುತ್ತ, ಗಾಡಿ ಓಡಿಸುವವರು ಯಾರು ಎಂದು ಕೇಳಿದ. ಆ ದಾರವನ್ನು ಓಡಿಸುವವರ ಕೈಗೂ ಕಟ್ಟಬೇಕಂತೆ. ವತ್ಸಲಾ ನನ್ನ ಕಡೆ ಕೈ ತೋರಿಸಿ, “ಇವರೇ” ಅಂದಳು.

ಆ ದಾರ ನನ್ನ ಕೈಯಲ್ಲಿ ಬಹಳ ದಿನ ಇತ್ತು. ಸೇತುವೆಯ ಮೇಲಿನ ಅವಮಾನವನ್ನು ನಾನು ಮರೆಯಬಹುದಿತ್ತು. ಅವಳು ಅದನ್ನು ಮುಚ್ಚಿದ ರೀತಿ ಇದೆಯಲ್ಲ — ಅದನ್ನು ಸಹಿಸುವುದು ನನ್ನಿಂದ ಆಗಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಇದು ನಡೆದದ್ದು, ಅಷ್ಟೆ.

ಕಾರಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದೆವು. ಮೊದಲ ಸಾವಿರ ಕಿಲೋಮೀಟರು ನಿಧಾನ ಓಡಿಸಿ, ಆಮೇಲೆ ಸರ್ವಿಸಿಗೆ ತನ್ನಿ ಎಂದು ಶೋರೂಮಿನವರು ಹೇಳಿದ್ದರಲ್ಲ, ಅದಕ್ಕೆ. ಪ್ರತಿ ಸಲವೂ ದಿನಾಂಕ, ಹೊರಡುವಾಗಿನ ಮೀಟರು, ಬಂದಾಗಿನ ಮೀಟರು, ಎಲ್ಲಿಗೆ, ಯಾರು. ಅಡ್ಡಗೆರೆ ಉದ್ದಗೆರೆ ಹಾಕಿ ಮನೆಗಳನ್ನು ಮಾಡಿದ್ದು ವತ್ಸಲಾ. ‘ಯಾರು’ ಎಂಬ ಮನೆಯಲ್ಲಿ ಅವಳು ‘ವ’ ಎಂದು ಬರೆಯುತ್ತಿದ್ದಳು, ನಾನು ‘ನಾನು’ ಎಂದು ಬರೆಯುತ್ತಿದ್ದೆ. “ಎಲ್ಲಾರೂ ‘ನಾನು’ನ ಅಲ್ಲೇನ್ರೀ? ಆಮ್ಯಾಲೆ ಗೊತ್ತಾಗೂದು ಹ್ಯಾಂಗ?” ಎಂದು ಚೇಷ್ಟೆ ಮಾಡಿದ್ದಳು.

ದುರ್ಗಾಪೂಜೆಗೆ ಇನ್ನೂ ಹದಿನೈದು ದಿನವಿತ್ತು. ಒಂದು ಶನಿವಾರ ಬೆಳಿಗ್ಗೆ ಅವಳು ಮೊದಲ ಬಾರಿಗೆ ಒಬ್ಬಳೇ ಲೇಕ್ ಮಾರ್ಕೆಟ್ಟಿಗೆ ಹೋಗಿ ಬಂದಳು. ಕರಿಬೇವು, ಕಾಫಿ ಪುಡಿ, ಬ್ಯಾಡಗಿ ಮೆಣಸಿನಕಾಯಿ. ಮೇಲೆ ಬಂದವಳು ಚೀಲವನ್ನೂ ಕೆಳಗಿಡದೆ ಬಾಗಿಲಲ್ಲೇ ನಿಂತು, “ಎಲ್ಲೂ ಬಂದ್ ಬೀಳಲಿಲ್ರೀ. ಟ್ರಾಮಿನ ಹಿಂದ ಸಿಕ್ಕೊಂಡಾಗೂ ಬೀಳಲಿಲ್ಲ,” ಅಂದಳು. ಅನು ಅವಳ ಸೊಂಟ ಹಿಡಿದುಕೊಂಡು, “ಅಮ್ಮಾ, ನೆಕ್ಸ್ಟ್ ಟೈಮ್ ಮೈ ಭೀ” ಎಂದು ಕುಣಿಯುತ್ತಿದ್ದಳು. ವತ್ಸಲಾಳ ಮುಖ ಬೆವರಿತ್ತು. ಹಾಗೆ ಸಂತೋಷಪಟ್ಟ ಅವಳ ಮುಖ ಆಮೇಲೆ ನಾನು ಎಷ್ಟು ಸಲ ನೋಡಿದ್ದೇನೆ ಎಂದು ಯೋಚಿಸಿದರೆ — ಬೇಡ.

ಅದೇ ದಿನ ಮಧ್ಯಾಹ್ನ ಅವಳು ಅನುವನ್ನು ಕರೆದುಕೊಂಡು ಮೇಲಿನ ಮಹಡಿಯ ಚಟರ್ಜಿಯವರ ಮನೆಗೆ ಹೋದಳು; ಮಕ್ಕಳ ನಾಟಕದ ತಾಲೀಮಿತ್ತು. ನಾನು ಕೀಲಿ ತೆಗೆದುಕೊಂಡು ಸದ್ದಿಲ್ಲದೆ ಕೆಳಗಿಳಿದೆ. ಯಾರಿಗೂ ಹೇಳದೆ ಅಭ್ಯಾಸ ಮಾಡಬೇಕು, ಮುಂದಿನ ಭಾನುವಾರ ಅವಳನ್ನು ಬೆರಗುಗೊಳಿಸಬೇಕು — ಅಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು ಎಂದುಕೊಂಡಿದ್ದೇನೆ. ದೊಡ್ಡ ರಸ್ತೆಯವರೆಗೆ ಹೋದೆ. ಪೂಜೆಯ ಚಪ್ಪರಕ್ಕೆ ಅರ್ಧ ರಸ್ತೆಗೆ ಬಿದಿರು ಕಟ್ಟಿದ್ದರು. ಎರಡು ಸಲ ಎಂಜಿನ್ ನಿಂತಿತು. ತಿರುಗಿಸಿಕೊಂಡು ಬಂದೆ.

ನಮ್ಮ ಕಟ್ಟಡದ ಗೇಟು ಕಿರಿದು. ಎಡಗಡೆಯ ಕಬ್ಬಿಣದ ಬಾಗಿಲಿಗೆ ಮುಂದೆ ಚಾಚಿಕೊಂಡ ಒಂದು ಅಗುಳಿ ಇತ್ತು. ಎಡಗನ್ನಡಿ ಇಲ್ಲದ್ದಕ್ಕೆ ವತ್ಸಲಾ ತನ್ನದೇ ಒಂದು ಕ್ರಮ ಮಾಡಿಕೊಂಡಿದ್ದಳು: ಗೇಟಿನ ಮುಂದೆ ಪೂರ್ತಿ ನಿಲ್ಲಿಸಿ, ಎಡ ಸೀಟಿನ ಮೇಲೆ ಬಾಗಿ, ಕಿಟಕಿಯಿಂದ ಆ ಅಗುಳಿಯನ್ನು ನೋಡಿ, ಆಮೇಲೆ ಒಳಗೆ. ಪ್ರತಿ ಸಲ. ನಾನು ಅದನ್ನು ಹೆಂಗಸರ ಹೆದರಿಕೆ ಎಂದುಕೊಂಡಿದ್ದೆ. ಆ ದಿನ ಬಾಗಲಿಲ್ಲ. ಅಗುಳಿ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲವರೆಗೆ ಎಳೆದುಕೊಂಡು ಹೋಯಿತು. ಆ ಸದ್ದು — ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ದರ್‌ವಾನ್ ಗೇಟು ಬಿಟ್ಟು ಊಟಕ್ಕೆ ಹೋಗಿದ್ದ. ಯಾರೂ ನೋಡಲಿಲ್ಲ. ಕಾರನ್ನು ಅದರ ಜಾಗದಲ್ಲಿ, ಎಡಬಾಗಿಲು ಗೋಡೆಯ ಕಡೆಗೆ ಬರುವಂತೆ ನಿಲ್ಲಿಸಿದೆ. ನೋಟ್‌ಬುಕ್ ತೆಗೆಯಲಿಲ್ಲ. ಮೇಲೆ ಹೋಗಿ ಕೈ ತೊಳೆದುಕೊಂಡೆ. ತಾಯಿ ಮಗಳು ಬಂದಾಗ ಪತ್ರಿಕೆ ಓದುತ್ತಿದ್ದೆ.

ಆಗಲೂ ಹೇಳಬಹುದಿತ್ತು. ರಾತ್ರಿ ಊಟದಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಅವಳು ಏನನ್ನುತ್ತಿದ್ದಳು? “ಹೋಗ್ಲಿ ಬಿಡ್ರಿ” ಅನ್ನುತ್ತಿದ್ದಳು. ಅದೇ ನನಗೆ ಬೇಡವಾಗಿತ್ತೇನೋ.

ಭಾನುವಾರ ಬೆಳಿಗ್ಗೆ ಕಾರು ಒರೆಸಲು ಬಟ್ಟೆ ತೆಗೆದುಕೊಂಡು ಕೆಳಗೆ ಹೋದವಳು ಹತ್ತು ನಿಮಿಷದ ಮೇಲೆ ಬಂದಳು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು, ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

“ರೀ, ಎಡಬಾಗಲಕ್ಕ ಇಷ್ಟುದ್ದ ಗೀರು ಬಿದ್ದದ. ನೀವು ನೋಡೀರೇನು?”

ಅವಳು ನನ್ನನ್ನು ಅನುಮಾನಿಸಿ ಕೇಳಿರಲಿಲ್ಲ. ನೋಡಿದ್ದೀರಾ ಎಂದಷ್ಟೇ ಕೇಳಿದಳು. ‘ಇಲ್ಲ’ ಎಂದಿದ್ದರೂ ಅದು ಒಂದು ಸಾಮಾನ್ಯ ಸುಳ್ಳಾಗುತ್ತಿತ್ತು. ಬೀದಿಯ ಯಾರದೋ ಮೇಲೆ ಹೋಗುತ್ತಿತ್ತು. ನಾನು ಹೇಳಿದ್ದು ಇದು — ಇದರಲ್ಲಿ ಒಂದು ಅಕ್ಷರವೂ ನನಗೆ ಮರೆತಿಲ್ಲ:

“ನಿನ್ನೆ ನೀನು ಲೇಕ್ ಮಾರ್ಕೆಟ್ಟಿಂದ ಬಂದಾಗ ಗೇಟಿನ ಹತ್ರ ಒಂದು ಸದ್ದು ಕೇಳಿಸ್ತು. ನಾನು ಬಾಲ್ಕನಿಯಲ್ಲಿದ್ದೆ. ಅಷ್ಟು ಖುಷಿಯಾಗಿ ಬಂದೆಯಲ್ಲ, ಹೇಳೋದು ಹೇಗೆ ಅಂತ ಸುಮ್ಮನಿದ್ದೆ.”

“ನನಗ ಕೇಳಸಲಿಲ್ಲಲ್ರೀ,” ಅಂದಳು.

“ನೀನು ಕಿಟಕಿ ಏರಿಸಿದ್ದೆ. ಎಸಿ ಇತ್ತು.”

“ನಾ ಬಾಗಿ ನೋಡಿದ್ದೆ...”

“ನೋಡಿದೆ ಅಂತ ಅನ್ಸುತ್ತೆ ವತ್ಸಲಾ. ದಿನಾ ಮಾಡೋದು ಮಾಡಿದ ಹಾಗೇ ಅನ್ಸುತ್ತೆ. ಎಡಗಡೆ ಕನ್ನಡೀನೇ ಇಲ್ಲ, ಯಾರಿಗಾದರೂ ಆಗುತ್ತೆ, ಬಿಡು.”

ನೆನಪು ನಂಬಬಾರದು ಎಂಬುದನ್ನು ನನ್ನ ಕೆಲಸ ನನಗೆ ಕಲಿಸಿತ್ತು. ಕಲಿತದ್ದನ್ನು ಅವಳ ಮೇಲೆ ಪ್ರಯೋಗಿಸಿದೆ. ಎಷ್ಟು ಮೃದುವಾಗಿ ಹೇಳಿದೆ ಎಂದರೆ, ಅದು ನನಗೇ ಪ್ರೀತಿಯ ಹಾಗೆ ಕೇಳಿಸಿತು.

ಮೂರು ದಿನ ಅವಳು ದಿನಕ್ಕೆ ಎರಡು ಸಲ ಕೆಳಗೆ ಹೋಗಿ ಆ ಬಾಗಿಲ ಮುಂದೆ ನಿಂತು ಬರುತ್ತಿದ್ದಳು. ನಾಲ್ಕನೆಯ ದಿನ ಸಂಜೆ ಕೀಲಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. “ಗೀರು ಬಿದ್ದದ್ದಕ್ಕಲ್ರೀ. ಅಷ್ಟುದ್ದ ಕೊರದದ, ನನಗ ಗೊತ್ತ ಆಗಿಲ್ಲ. ಬಾಗಿ ನೋಡೀನಿ ಅಂತ ಆಣಿ ಮಾಡಿ ಹೇಳ್ತಿದ್ದೆ, ನೋಡಿಲ್ಲ. ನಾಳೆ ಅದು ಗೇಟಲ್ಲ, ಒಂದು ಕೂಸಾಗಿದ್ರ?” ನಾನು ಸಮಾಧಾನ ಮಾಡಿದೆ. ಹೌದು — ಸಮಾಧಾನ ಮಾಡಿದವನೂ ನಾನೇ. ಡ್ರೈವರನ್ನು ಇಡೋಣ ಅಂದೆ. ಬೇಡವೆಂದಳು. ಬೆಳಿಗ್ಗೆ ನಾನೇ ಬಿಡುತ್ತೇನೆ ಅಂದೆ. ಟಾಲಾ ಸೇತುವೆ ಇಬ್ಬರಿಗೂ ನೆನಪಾಯಿತು. ಪೂಜೆಯ ರಜೆ ಮುಗಿಯುವ ಮೊದಲೇ ಅವಳು ಕಂಪನಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದಳು. ಕಾರಣ ಕೇಳಿದರೇನೋ, “ಮನೆ ಕಡೆ ತೊಂದರೆ” ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದದ್ದು ನನಗೆ ಪಕ್ಕದ ಕೋಣೆಯಲ್ಲಿ ಕೇಳಿಸಿತು.

ಇದಾಗಿ ಸ್ವಲ್ಪ ದಿನಕ್ಕೆ ಶೇಷಗಿರಿರಾಯರು ಲೇಖನ ಕೇಳಿದರು. ಸಂಘದಲ್ಲಿ ಆಗ ಯಾರನ್ನು ನೋಡಿದರೂ ಕಾರಿನ ಮಾತು. ಹೊಸದಾಗಿ ಕೊಂಡವರು ತಮ್ಮ ಅನುಭವ ಬರೆಯಲಿ, ಕೊಳ್ಳುವವರಿಗೆ ಅನುಕೂಲ ಎಂಬುದು ಅವರ ಯೋಚನೆ. ನಾನು ಎಲ್ಲ ಬರೆದೆ — ಗೇರು ಬೆಣ್ಣೆಯಂತೆ ಬೀಳುವುದು, ಹಿಂದಿನ ಸೀಟಿನಲ್ಲಿ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ಸರಿಯಾಗಿ ಕೂರುವುದು, ಹೌರಾ ಕಡೆಯ ಗುಂಡಿಗಳು ಬೆನ್ನುಮೂಳೆಗೆ ನೇರ ತಲುಪುವುದು. ಕೊನೆಗೆ ಇದನ್ನೂ ಸೇರಿಸಿದೆ: ‘ಎಡಬಾಗಿಲ ಮೇಲೆ ನಮ್ಮ ಮನೆಯ ಗಣಿತಜ್ಞೆ ವತ್ಸಲಾ ಅವರು ಒಂದು ಸರಳರೇಖೆ ಎಳೆದಿದ್ದಾರೆ. ಆರಂಭಬಿಂದು ಗೇಟು, ಅಂತ್ಯಬಿಂದು ಅವರ ಚಾಲನಾ ಜೀವನ.’

ಏಕೆ ಬರೆದೆ? ಯಾರೂ ಕೇಳಿರಲಿಲ್ಲ. ಒಂದು ಸುಳ್ಳು ಮನೆಯೊಳಗಿದ್ದರೆ ಅಲುಗಾಡುತ್ತಿರುತ್ತದೆ, ಅಚ್ಚಾದರೆ ಭದ್ರವಾಗುತ್ತದೆ. ಇದು ಆಗ ಹೊಳೆದದ್ದೋ, ಈಗ ಹೊಳೆಯುತ್ತಿರುವುದೋ, ಹೇಳಲಾರೆ.

ರಾಜ್ಯೋತ್ಸವದ ಊಟದಲ್ಲಿ ಎಲ್ಲರ ಬಾಯಲ್ಲೂ ಅದೇ. “ಏನು ವತ್ಸಲಾ ಅವರೇ, ರೇಖೆ ಚೆನ್ನಾಗಿ ಬಂದಿದೆಯಂತೆ?” ಎಂದು ಶೇಷಗಿರಿರಾಯರೇ ಕೇಳಿದರು. ಅವಳು ಪಾಯಸ ಬಡಿಸುತ್ತಿದ್ದಳು. ಸೌಟು ನಿಲ್ಲಿಸದೆ, “ಸ್ಕೇಲ್ ಇಲ್ಲದನ ಎಳದೀನ್ರೀ ರಾಯರ” ಅಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವಳೂ ನಕ್ಕಳು. ನನ್ನ ಎಲೆಗೆ ಬಂದಾಗ ಎಂದಿನಂತೆ ಎರಡು ಸೌಟು ಹಾಕಿದಳು.

ಗೀರಿಗೆ ಬಣ್ಣ ಹಾಕಿಸಿದೆ. ಹೊಂದಲಿಲ್ಲ, ಇಳಿಬಿಸಿಲಿಗೆ ಕಾಣುತ್ತಿತ್ತು. ಆ ಕಾರನ್ನು ಒಂಬತ್ತು ವರ್ಷ ನಾನೇ ಓಡಿಸಿದೆ. ಓಡಿಸಿ ಓಡಿಸಿ ಚೆನ್ನಾಗಿಯೇ ಕಲಿತೆ. ವತ್ಸಲಾ ಎಡ ಸೀಟಿನಲ್ಲಿ, ಆ ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದಳು.

ಆದರೆ ನಾನು ಹೇಳಬೇಕೆಂದಿರುವುದು ಕಾರಿನ ವಿಷಯವಲ್ಲ, ಕೆಲಸದ ವಿಷಯವೂ ಅಲ್ಲ. ಆ ಶರತ್ಕಾಲದ ಮೇಲೆ ಅವಳು ತನ್ನ ಕಣ್ಣನ್ನು, ಕಿವಿಯನ್ನು ನಂಬುವುದನ್ನು ಬಿಟ್ಟಳು. ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಮನೆಪಾಠದ ಮಕ್ಕಳ ಲೆಕ್ಕವನ್ನು ಎರಡು ಸಲ ತಿದ್ದುತ್ತಿದ್ದಳು. ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು, “ಗ್ಯಾಸ್ ಬಂದ್ ಮಾಡೀನೇನು, ನೋಡ್ರಿ” ಅನ್ನುತ್ತಿದ್ದಳು. ಒಂದು ದಿನವೂ ಗ್ಯಾಸ್ ಉರಿಯುತ್ತಿರಲಿಲ್ಲ. ಯಾವುದಾದರೂ ಹಳೆಯ ವಿಷಯಕ್ಕೆ ಮನೆಯಲ್ಲಿ ವಾದವಾದರೆ, “ನನ್ನ ನೆನಪು ಬಿಡ್ರಿ, ನಿಮ್ಮ ಅಪ್ಪಾರನ್ನ ಕೇಳವಾ ಅನು, ಅವರು ಬರದಿಟ್ಟಿರ್ತಾರ” ಎಂದು ಎದ್ದುಹೋಗುತ್ತಿದ್ದಳು. ಅನು ದೊಡ್ಡವಳಾಗಿ ಡ್ರೈವಿಂಗ್ ಕಲಿಯುವಾಗ, “ಅಮ್ಮನ ಹಾಗೆ ಸ್ಟ್ರೈಟ್ ಲೈನ್ ಹಾಕಲ್ಲ ಅಪ್ಪಾ, ಡೋಂಟ್ ವರಿ” ಅಂದಿದ್ದಳು. ಮಗಳಿಗೂ ಆ ನಗೆಯನ್ನು ಕೊಟ್ಟವನು ನಾನು.

ಶೇಷಗಿರಿರಾಯರ ಫೋನು ಬಂದ ಮೇಲೆ ಟ್ರಂಕಿನಿಂದ ಆ ವರ್ಷದ ಡೈರಿ ತೆಗೆದೆ. ಆ ಶನಿವಾರದ ಪುಟದಲ್ಲಿ ನನ್ನ ಕೈಬರಹ: ‘ವ. ಒಬ್ಬಳೇ ಲೇಕ್ ಮಾರ್ಕೆಟ್ಟಿಗೆ ಹೋಗಿ ಬಂದಳು. ಬರುವಾಗ ಗೇಟಿಗೆ ತಾಗಿಸಿದ ಸದ್ದು ಬಾಲ್ಕನಿಗೆ ಕೇಳಿಸಿತು.’ ಭಾನುವಾರ ಕೂತು ಶನಿವಾರದ ಪುಟದಲ್ಲಿ ಬರೆದದ್ದು. ಓದುತ್ತ ನನಗೆ ಹೆದರಿಕೆಯಾಯಿತು. ಏಕೆಂದರೆ ನೆನಪಿನಲ್ಲಿ ಆ ಸದ್ದು ನನಗೆ ನಿಜವಾಗಿಯೂ ಬಾಲ್ಕನಿಯಲ್ಲಿ ನಿಂತ ಹಾಗೆ ಕೇಳಿಸಿತು — ಕೆಳಗಿನಿಂದ, ದೂರದಿಂದ, ಬೆಳಗಿನ ಕಾಗೆಗಳ ನಡುವೆ. ಆದರೆ ನಾನು ಆ ಸದ್ದನ್ನು ಕೇಳಿದ್ದು ಮಧ್ಯಾಹ್ನ, ಕೆಂಪು ದಾರ ಕಟ್ಟಿದ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದಾಗ. ಇಷ್ಟು ವರ್ಷದಲ್ಲಿ ನನ್ನ ಮನಸ್ಸು ಅದನ್ನು ಎತ್ತಿ ಎರಡನೆಯ ಮಹಡಿಗೆ ಸಾಗಿಸಿಬಿಟ್ಟಿತ್ತು. ಇನ್ನು ಹತ್ತು ವರ್ಷ ಹೋಗಿದ್ದರೆ ನಾನು ತಪ್ಪಿತಸ್ಥನೆಂಬುದನ್ನೂ ಮರೆಯುತ್ತಿದ್ದೆನೇನೋ.

ಡೈರಿಯ ಕೆಳಗೆ ಆ ನೋಟ್‌ಬುಕ್ ಇತ್ತು. ಶನಿವಾರದ ಸಾಲು ಅವಳ ದುಂಡನೆಯ ಅಂಕೆಗಳಲ್ಲಿದೆ: ಹೊರಟಾಗ 398, ಬಂದಾಗ 412, ಲೇಕ್ ಮಾರ್ಕೆಟ್, ವ. ಅದರ ಕೆಳಗಿನ ಸಾಲು ನನ್ನದು, ಹತ್ತು ದಿನದ ಮೇಲೆ ಬರೆದದ್ದು: ಹೊರಟಾಗ 415. ನಡುವೆ ಮೂರು ಕಿಲೋಮೀಟರು ಯಾರೂ ಓಡಿಸಿಲ್ಲ. 412 ಎಂದು ಬರೆದು, ಮುಂದಿನ ಪ್ರಯಾಣಕ್ಕೆ ಆ ಮೂರನ್ನು ಸೇರಿಸಿಬಿಡಬಹುದಿತ್ತು. ಬರೆಯಲಿಲ್ಲ. ಅದನ್ನು ಪ್ರಾಮಾಣಿಕತೆ ಎನ್ನಲಾರೆ. ಡೈರಿಗೆ ಸುಳ್ಳು ಬರೆದವನಿಗೆ ಅಂಕೆ ಬದಲಿಸಲು ಏಕೆ ಕೈ ಬರಲಿಲ್ಲವೋ — ಅವಳು ಎಂದಾದರೂ ತೆರೆದು ನೋಡಲಿ ಎಂದಿತ್ತೋ — ನನಗೆ ಗೊತ್ತಿಲ್ಲ. ಅವಳು ಮತ್ತೆ ಆ ಪುಸ್ತಕವನ್ನು ಮುಟ್ಟಲಿಲ್ಲ. ಆಮೇಲಿನ ಎಲ್ಲ ಸಾಲುಗಳಲ್ಲೂ ‘ನಾನು’, ‘ನಾನು’, ‘ನಾನು’.

ಇವತ್ತು ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ಊಟದ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಳು. ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳಿದೆ. ಮೊದಲ ವಾಕ್ಯಕ್ಕೇ ಅವಳ ಕೈ ನಿಂತಿತು. ಮುಗಿಯುವ ತನಕ ತಲೆ ಎತ್ತಲಿಲ್ಲ.

“ಆ ಪುಸ್ತಕ ಕೊಡ್ರಿ,” ಅಂದಳು.

ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. 412ರ ಮೇಲೆ ಬೆರಳಿಟ್ಟಳು, ಆಮೇಲೆ 415ರ ಮೇಲೆ. ಲೆಕ್ಕ ಸರಿಯಿದೆಯೇ ಎಂದು ನೋಡುವವಳ ಹಾಗೆ ಎರಡು ಸಲ ನೋಡಿದಳು.

“ಹಂಗಾರ ನಾ ಬಾಗಿ ನೋಡಿದ್ದು ಖರೇ.”

“ಖರೇ,” ಅಂದೆ. ನನ್ನ ಮಾತಲ್ಲದ ಆ ಮಾತು ನನ್ನ ಬಾಯಲ್ಲಿ ಬಂತು.

“ಅಗುಳಿಗೂ ಬಾಗಲಕ್ಕೂ ನಡುವ ನಾಕು ಬೆರಳು ಜಾಗ ಇತ್ತು. ಬಿಸಿಲು ಕಂಡಿತ್ತು ನನಗ. ಮೂರು ದಿನ ಅಲ್ಲಿ ನಿಂತು ಅದನ್ನ ನೆನಪು ಮಾಡ್ಕೊಂಡೆ. ನೆನಪಿತ್ತು. ಆದ್ರ ನೀವು ಸದ್ದು ಕೇಳಸ್ತು ಅಂದ್ರಿ.” 412ರ ಮೇಲೆ ಮತ್ತೆ ಬೆರಳಿಟ್ಟು, “ನಿಮ್ಮ ಕಿವಿ ನಂಬಿದೆ,” ಅಂದಳು.

ನಾನು ಕ್ಷಮೆಯ ಮಾತು ಎತ್ತಲು ಹೋದೆ. ಕೈ ಅಡ್ಡ ಮಾಡಿದಳು. ನನ್ನ ಪೆನ್ನನ್ನು ನನ್ನ ಕಡೆಗೆ ಸರಿಸಿ, ಎರಡು ಸಾಲುಗಳ ನಡುವಿನ ಸಂದಿಯನ್ನು ತೋರಿಸಿದಳು. “ಇಲ್ಲೆ ಜಾಗ ಅದ. ಬರೀರಿ.”

ಬರೆದೆ. ಅದೇ ಶನಿವಾರದ ದಿನಾಂಕ. ಹೊರಟಾಗ 412. ಬಂದಾಗ 415. ‘ಯಾರು’ ಎಂಬಲ್ಲಿ ‘ನಾನು’ ಎಂದು ಬರೆಯಹೋಗಿ ನಿಲ್ಲಿಸಿ, ನನ್ನ ಪೂರ್ತಿ ಹೆಸರು ಬರೆದೆ. ‘ಎಲ್ಲಿಗೆ’ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಅದನ್ನು ಖಾಲಿ ಬಿಟ್ಟೆ. ಅವಳು ಅದನ್ನೂ ನೋಡಿದಳು.

“ಇದು ಅಚ್ಚಿಗೆ ಹೋಗ್ತದೇನು?”

“ನೀನು ಬೇಡ ಅಂದರೆ —”

“ಕಳಸ್ರಿ. ನನ್ನ ಹೆಸರು ತಗೀಬ್ಯಾಡ್ರಿ. ಅವತ್ತು ನಗಸ್ಲಿಕ್ಕೆ ಹಾಕಿದ್ರಿ, ಇವತ್ತು ಇದಕ್ಕಿರ್ಲಿ.”

ಆದ್ದರಿಂದ ಶೇಷಗಿರಿರಾಯರೇ, ಆ ಹಳೆಯ ಲೇಖನದ ಜಾಗದಲ್ಲಿ ಇದನ್ನು ಹಾಕಿ. ಹಾಸ್ಯದ ವಿಭಾಗದಲ್ಲಿ ಬೇಡ.

ಬಟಾಣಿಯನ್ನು ಒಲೆಯ ಮೇಲಿಟ್ಟು, ಬೆಂದ ಮೇಲೆ ಇಳಿಸಿ, ಚೀಲ ತೆಗೆದುಕೊಂಡು ಅವಳು ತರಕಾರಿಗೆ ಹೊರಟಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೆಳಗಿಳಿಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾದೆ — ಈಗ ತಿರುಗಿ ಬರುತ್ತಾಳೆ, ಗ್ಯಾಸ್ ನೋಡಿ ಅನ್ನುತ್ತಾಳೆ. ಬರಲಿಲ್ಲ. ಬಾಲ್ಕನಿಗೆ ಹೋಗಿ ನೋಡಿದಾಗ ಆಗಲೇ ಗೇಟು ದಾಟಿದ್ದಳು, ಮೇಲೆ ನೋಡದೆ ನಡೆಯುತ್ತಿದ್ದಳು.

ಪ್ರತಿದಿನ ಹೊರಡುವಾಗ “ಹೋಗಿ ಬರ್ತೀನ್ರೀ” ಎಂದು ಹೇಳಿ ಹೋಗುವವಳು. ಇವತ್ತು ಹೇಳಿರಲಿಲ್ಲ. ನನಗೆ ಕೇಳಿಸದೆ ಹೋದದ್ದಲ್ಲ. ಅವಳು ಹೇಳಿರಲಿಲ್ಲ.